ಕಣದ ಕಡೆಯ ಕಿಟಕಿ

ಒಲೆಯ ಮೇಲೆ ಕಡುಬಿನ ಪಾತ್ರೆ ಬುಸುಗುಡುತ್ತಿತ್ತು. ದ್ರಾಕ್ಷಾಯಣಿಯ ಬಲಗಿವಿಗೆ ಸಿಕ್ಕಿಸಿದ ಇಯರ್‌ಫೋನಿನಲ್ಲಿ ಗಂಗಾಮಣಿಯವರು ಕತೆ ಓದುತ್ತಿದ್ದರು. ಎಡಗಿವಿಯನ್ನು ಅವಳು ಯಾವಾಗಲೂ ಮನೆಗೆ ಬಿಟ್ಟುಕೊಟ್ಟಿರುತ್ತಿದ್ದಳು. ಅತ್ತೆ ಕೂಗಿದರೆ, ಹಾಲು ಉಕ್ಕಿದರೆ, ಕುಕ್ಕರ್ ಸೀಟಿ ಹೊಡೆದರೆ ಕೇಳಬೇಕಲ್ಲ. ಅವತ್ತು ಕೊತ್ತಂಬರಿ ಹೆಚ್ಚುತ್ತಿದ್ದಾಗ ಬಲಗಿವಿಯ ದನಿಯೇ ಎಡಗಿವಿಗೂ ಕೇಳಿಸಿತು. ಬಲಗಿವಿಯಲ್ಲಿ ಅದು, ಗಂಡ ಸತ್ತು ವರ್ಷ ತುಂಬುವ ಮೊದಲೇ ಹೊಸ ಕನ್ನಡಕ ಕೊಂಡ ಒಬ್ಬಳ ವಿಷಯ ಹೇಳುತ್ತಿತ್ತು. ಎಡಗಿವಿಯಲ್ಲಿ, "ಇದನ್ನ ದಿನಕ್ಕೆ ಎಷ್ಟು ಸಲ ಮಗುಚಬೇಕು?" ಎಂದು ಕೇಳುತ್ತಿತ್ತು.

ಒದ್ದೆ ಬೆರಳನ್ನು ಸೆರಗಿಗೆ ಒರೆಸಿಕೊಂಡು ಫೋನನ್ನು ನಿಲ್ಲಿಸಿದಳು. ಬಲಗಿವಿ ಸುಮ್ಮನಾಯಿತು. ಎಡಗಿವಿಯದು ನಿಲ್ಲಲಿಲ್ಲ.

ಕಿಟಕಿಯಿಂದ ನೋಡಿದರೆ, ಕಾಫಿ ಹಣ್ಣು ಒಣಹಾಕಿದ ಕಣದ ಕಟ್ಟೆಯ ಮೇಲೆ ಕ್ಯಾನ್ವಾಸ್ ಶೂ ಹಾಕಿಕೊಂಡ ನರೆಗೂದಲಿನ ಹೆಂಗಸೊಬ್ಬರು ಕೂತಿದ್ದರು. ಪಕ್ಕದಲ್ಲಿ, ಮಂಡಿಗೆ ಮಂಡಿ ತಾಗುವಷ್ಟು ಹತ್ತಿರದಲ್ಲಿ, ವಾರಗಿತ್ತಿ ಆಶಾ.

ದ್ರಾಕ್ಷಾಯಣಿಗೆ ಮೊದಲು ಆದದ್ದು ಸಂತೋಷವಲ್ಲ. ತನ್ನ ಟ್ರಂಕಿನಲ್ಲಿ ಮಡಿಸಿಟ್ಟ ಸೀರೆಯನ್ನು ಬೇರೆ ಯಾರೋ ಉಟ್ಟುಕೊಂಡು ಎದುರಿಗೆ ಬಂದರೆ ಹೇಗಾಗುತ್ತದೋ ಹಾಗಾಯಿತು.

ಗಂಗಾಮಣಿಯವರನ್ನು ಅವಳು ಮೊದಲು ಓದಿದ್ದು ಹಾಸನದ ಹಾಸ್ಟೆಲ್ಲಿನಲ್ಲಿ, ಪಿಯುಸಿಗೆ ಸೇರಿದಾಗ. ಅವಳ ತವರು ಆಲೂರು ಕಡೆಯ ಹಳ್ಳಿ. ಅನ್ನವನ್ನು ಬೇರೆ ಯಾರೋ ಮಾಡಿ ಬಡಿಸುತ್ತಾರೆ, ತನ್ನ ತಟ್ಟೆ ತಾನು ತೊಳೆದುಕೊಂಡರೆ ಮುಗಿಯಿತು ಎನ್ನುವ ಕಾಲ ಅವಳ ಬದುಕಿನಲ್ಲಿ ಬಂದದ್ದು ಅದೊಂದೇ ಸಲ. ಆ ಕಾಲದಲ್ಲಿ ಹೊಟ್ಟೆ ತುಂಬ ಓದಿದಳು. ಆಮೇಲೆ ಬಾಳ್ಳುಪೇಟೆಯ ಹತ್ತಿರ ಸಣ್ಣ ಕಾಫಿ ತೋಟವಿದ್ದ ವೀರಭದ್ರಯ್ಯನವರ ಹಿರಿಮಗ ಯೋಗೇಶನಿಗೆ ಕೊಟ್ಟರು. ಓದು ನಿಂತಿತು. ಓದಬೇಡ ಎಂದು ಯಾರೂ ಅನ್ನಲಿಲ್ಲ. ಪುಸ್ತಕ ಹಿಡಿಯುವುದಕ್ಕೆ ಒಣಗಿದ ಕೈ ಬೇಕು, ಅದು ಅವಳ ಹತ್ತಿರ ಇರಲಿಲ್ಲ, ಅಷ್ಟೆ. ಮಗಳು ಕಾಲೇಜಿಗೆ ಹೋದಮೇಲೆ ತನ್ನ ಹಳೇ ಫೋನನ್ನು ಅಮ್ಮನಿಗೆ ಕೊಟ್ಟು, ಗಂಗಾಮಣಿಯವರು ತಮ್ಮ ಕತೆಗಳನ್ನು ತಾವೇ ಓದಿ ಹಾಕಿರುವ ಜಾಗ ತೋರಿಸಿದಳು. ಅವತ್ತಿನಿಂದ ಕಾಯಿ ತುರಿಯುವಾಗ, ರೊಟ್ಟಿ ತಟ್ಟುವಾಗ, ಎಲ್ಲರ ಊಟವಾದ ಮೇಲೆ ಒಲೆಕಟ್ಟೆ ಒರೆಸುವಾಗ ಆ ದನಿ ಜೊತೆಗಿರುತ್ತಿತ್ತು. ಸ್ವಲ್ಪ ಒಡಕು ದನಿ. ವಾಕ್ಯದ ಕೊನೆಗೆ ಒಂದಿಷ್ಟು ಉಸಿರು ಉಳಿಸಿಕೊಳ್ಳುವ ದನಿ. ಆ ಮನೆಯಲ್ಲಿ ತನ್ನದು ಎನ್ನುವುದು ಅವಳಿಗೆ ಅದೊಂದೇ ಇತ್ತು. ಮಿಕ್ಕದ್ದೆಲ್ಲ, ಅವಳ ಕೈರುಚಿಯೂ ಸೇರಿ, ಮನೆಯದಾಗಿತ್ತು.

ಕೈರುಚಿಯ ಕತೆ ಹೀಗೆ. ಮದುವೆಯಾಗಿ ಬಂದ ಹೊಸತರಲ್ಲಿ ಅವಳು ಮಾಡಿದ ಹಿತಕಿದವರೆ ಸಾರನ್ನು ಮಾವ ಮತ್ತೆ ಹಾಕಿಸಿಕೊಂಡು ಉಂಡರು. ಹುಡುಗಿ ಹಿಗ್ಗಿಬಿಟ್ಟಳು. ಆ ಹಿಗ್ಗಿಗೆ ತೆತ್ತದ್ದು ಇಷ್ಟು ವರ್ಷ. "ನಮ್ ದ್ರಾಕ್ಷನ ಕೈ ಯಾರಿಗೂ ಬರಲ್ಲ" ಎಂದು ಅತ್ತೆ ನಾಗರತ್ನಮ್ಮ ನೆಂಟರ ಮುಂದೆ ಹೇಳಿದಾಗೆಲ್ಲ ಒಲೆಯ ಮುಂದಿನ ಜಾಗ ಅವಳ ಕಾಲಿಗೆ ಇನ್ನಷ್ಟು ಅಂಟಿಕೊಂಡಿತು. ಕಿರಿಸೊಸೆಯಾಗಿ ಬಂದ ಆಶಾ ಮೊದಲ ವಾರದಲ್ಲೇ ಸಾರು ಸೀಯಿಸಿದಳು, ಎರಡನೇ ವಾರ ಕಡುಬನ್ನು ಕಲ್ಲು ಮಾಡಿದಳು. ಅತ್ತೆ ಹಣೆ ಚಚ್ಚಿಕೊಂಡು ಅವಳನ್ನು ಹೊರಗಿನ ಕೆಲಸಕ್ಕೆ ಹಾಕಿದರು. ಕೊಯ್ಲಿನ ಕಾಲದಲ್ಲಿ ಹೊರಗಿನ ಕೆಲಸವೆಂದರೆ ಕಣ ಕಾಯುವುದು. ಬಿಸಿಲೇರಿದ ಮೇಲೆ ಆಗಾಗ ಎದ್ದು ಕಾಲಲ್ಲಿ ಸಾಲು ಎಳೆದು ಕಾಫಿ ಮಗುಚಬೇಕು, ಮೋಡ ಬಂದರೆ ಟಾರ್ಪಾಲ್ ಎಳೆಯಬೇಕು. ನಡುವೆ ಕೂರಬಹುದು. ಕೂತುಕೊಂಡು ಮಾಡುವ ಕೆಲಸ.

"ಅಯ್ಯೋ ಪಾಪ, ಆಶಾಗೆ ಅಡುಗೆ ಬರಲ್ಲ" ಎಂದು ದ್ರಾಕ್ಷಾಯಣಿ ಎಷ್ಟೋ ಸಲ ಮರುಗಿದ್ದಳು.

ಗಂಗಾಮಣಿಯವರು ಕಾದಂಬರಿ ಮುಗಿಸಲೆಂದು ಮೈಸೂರಿನಿಂದ ಬಂದು ಗುಡ್ಡದ ತಿರುವಿನಲ್ಲಿರುವ ಸುನಿಲ್‌ಕುಮಾರನ ಹೋಂಸ್ಟೇಯಲ್ಲಿ ಒಂದು ಕೋಣೆ ಹಿಡಿದಿದ್ದರು. ಶನಿವಾರ ಭಾನುವಾರ ಅಲ್ಲಿ ಬೆಂಗಳೂರಿನ ಕಾರು, ಅಡುಗೆಯವನು, ಗದ್ದಲ. ಮಿಕ್ಕ ದಿನ ಅವರೂ ಬ್ರೆಡ್ಡೂ ಮಾತ್ರ. ಮಧ್ಯಾಹ್ನಕ್ಕೆ ಮುಂಚೆ ತೋಟದ ಕಾಲುದಾರಿಯಲ್ಲಿ ಇಳಿದು ಬಂದು ಕಣದ ಕಟ್ಟೆಯ ಮೇಲೆ ಕೂರುವುದು ರೂಢಿಯಾಯಿತು.

"ಯಾರೇ ಅದು?" ಎಂದು ನಾಗರತ್ನಮ್ಮ ವಿಚಾರಿಸಿದರು.

"ರೈಟರ್ ಕಣತ್ತೆ" ಎಂದಳು ಆಶಾ.

"ಯಾವ ಎಸ್ಟೇಟಿಂದು? ಹೆಂಗಸ್ರನ್ನೂ ರೈಟರ್ ಮಾಡ್ಕತಾರಾ ಈಗ?"

"ಎಸ್ಟೇಟ್ ಲೆಕ್ಕ ಬರಿಯೋ ರೈಟರ್ ಅಲ್ಲ. ಕತೆ ಬರೀತಾರಂತೆ."

"ಅದ್ಕೆ ಪಾಪ ಕಟ್ಟೆ ಮ್ಯಾಲೆ ಕೂತವ್ರೆ" ಎಂದು ನಾಗರತ್ನಮ್ಮ ಒಂದು ಲೋಟ ಕಾಫಿ ಕೊಡಿಸುವಂತೆ ಹೇಳಿದರು.

ಆ ಕಾಫಿಯನ್ನು ದ್ರಾಕ್ಷಾಯಣಿ ತಾನೇ ತೆಗೆದುಕೊಂಡು ಹೋದಳು. ಹಿತ್ತಲ ಬಾಗಿಲಿನಿಂದ ಕಣದವರೆಗೆ ಹೋಗುವಷ್ಟರಲ್ಲಿ ಏನೇನೋ ಜೋಡಿಸಿಕೊಂಡಿದ್ದಳು: ನಿಮ್ಮನ್ನ ನಾನು ಹಾಸ್ಟೆಲ್ಲಿನಲ್ಲಿದ್ದಾಗಿಂದ ಓದ್ತಿದ್ದೀನಿ, ನಿಮ್ಮ ದನಿ ಕೇಳದೆ ನಮ್ಮನೇಲಿ ಒಂದು ಕಾಯಿ ಒಡೆಯಲ್ಲ. ಎದುರಿಗೆ ನಿಂತಾಗ ಬಾಯಿಗೆ ಬಂದದ್ದು, "ಸಕ್ಕರೆ ಸಾಕಾ?"

"ಸಾಕು, ಚೆನ್ನಾಗಿದೆ. ನೀವು?"

ಉತ್ತರ ಕೊಟ್ಟವಳು ಆಶಾ. "ನಮ್ಮಕ್ಕ. ಅಡುಗೆ ಅಂದ್ರೆ ಅಕ್ಕನೇ."

"ದ್ರಾಕ್ಷಾ, ಹಾಲು" ಎಂದು ಒಳಗಿನಿಂದ ಕೂಗು ಬಂತು. ಅವಳು ಓಡಿದಳು. ತನ್ನನ್ನು ಒಂದೇ ವಾಕ್ಯದಲ್ಲಿ ಮುಗಿಸಿಬಿಟ್ಟಳಲ್ಲ ಇವಳು ಎಂದು ಉಕ್ಕಿದ ಹಾಲನ್ನು ಒರೆಸುತ್ತ ಕುದಿದಳು.

ಅಂದಿನಿಂದ ಅವಳು ಫೋನಿನಲ್ಲಿ ಕತೆ ಕೇಳುವುದನ್ನು ಬಿಟ್ಟಳು. ಕಿಟಕಿಯ ಹತ್ತಿರ ನಿಂತು ಕಾಯಿ ತುರಿದಳು, ಕಿಟಕಿಯ ಹತ್ತಿರ ನಿಂತು ಅಕ್ಕಿ ಆರಿಸಿದಳು. ಹೆದ್ದಾರಿಯ ಲಾರಿಗಳ ಸದ್ದಿನ ನಡುವೆ ಚೂರುಪಾರು ಕೇಳುತ್ತಿತ್ತು. ಗಂಗಾಮಣಿಯವರು ಘಾಟಿಯೊಳಗಿನ ಎಡಕುಮೇರಿ ಸ್ಟೇಷನ್ನಿನ ರೈಲಿನ ವಿಷಯ ಕೇಳಿದರು. ಆಶಾ ಒಂದಕ್ಕೆ ನಾಲ್ಕು ಸೇರಿಸಿ ಹೇಳಿದಳು. ಅವರು ನಕ್ಕರು. ಫೋನಿನಲ್ಲಿ ಅವರು ಯಾವತ್ತೂ ನಕ್ಕಿರಲಿಲ್ಲ. ಇಷ್ಟು ವರ್ಷ ಕೇಳಿದವಳಿಗೆ ಸಿಗದ ನಗು, ಒಂದು ಕತೆಯನ್ನೂ ಓದದವಳಿಗೆ ಪುಕ್ಕಟೆಯಾಗಿ ಸಿಕ್ಕಿತು.

ಸಂಜೆ ಇಬ್ಬರೂ ಅವರೆಕಾಳಿನ ಬೋಗುಣಿಯ ಮುಂದೆ ಕೂತು, ನೆನೆದ ಕಾಳುಗಳ ಸಿಪ್ಪೆ ಹಿತುಕುವಾಗ ಆಶಾ ವರದಿ ಒಪ್ಪಿಸುತ್ತಿದ್ದಳು. ಒಂದೊಂದು ಕಾಳನ್ನೂ ಹೆಬ್ಬೆರಳಲ್ಲಿ ಒತ್ತಿ ತೆಗೆಯಬೇಕಾದ ಕೆಲಸ. ದ್ರಾಕ್ಷಾಯಣಿಯ ಹೆಬ್ಬೆರಳು ಅವತ್ತು ಜೋರಾಗಿ ಒತ್ತುತ್ತಿತ್ತು. ಬೇಳೆ ಚಿಮ್ಮಿ ಗೋಡೆಗೆ ಹೊಡೆಯುತ್ತಿತ್ತು.

"ನೀನು ಅವರದ್ದು ಒಂದಾದ್ರೂ ಓದಿದೀಯಾ?"

"ಓದೋದ್ಯಾಕಕ್ಕ, ಬಾಯಲ್ಲೇ ಹೇಳ್ತಾರಲ್ಲ."

"ಹೂಂ."

"ಕಾದಂಬರಿಲಿ ಒಬ್ಬಳಿಗೆ ನನ್ನ ಹೆಸರು ಇಡ್ತಾರಂತೆ. ಆಶಾ ಅಂತ. ಅವಳು ಭಾಳ ಜೋರಂತೆ."

ದ್ರಾಕ್ಷಾಯಣಿ ಗೋಡೆಗೆ ಅಂಟಿದ ಬೇಳೆಯನ್ನು ಕೆರೆದು ತೆಗೆದಳು. ಅವಳಿಗೆ ಬೇಕಾಗಿದ್ದು ಕಾದಂಬರಿಯಲ್ಲಿ ಹೆಸರಲ್ಲ. ಆ ಕಟ್ಟೆಯ ಮೇಲೆ ಒಂದು ಮಧ್ಯಾಹ್ನ. ನಾನು ನಿಮ್ಮನ್ನ ಓದಿದವಳು ಎಂದು ಹೇಳುವಷ್ಟು ಹೊತ್ತು. ಅದಕ್ಕೆ ದಾರಿ ಯಾವುದೆಂದು ಯೋಚಿಸಿದಾಗ, ಈ ಮನೆಯಲ್ಲಿ ಅಡುಗೆಮನೆಯಿಂದ ಹೊರಗೆ ಹೋಗುವ ದಾರಿ ಒಂದೇ, ಅದನ್ನು ಆಶಾ ಆಗಲೇ ನಡೆದು ತೋರಿಸಿದ್ದಾಳೆ ಎಂದು ಹೊಳೆಯಿತು.

ಮರುದಿನ ಹಿತಕಿದವರೆ ಸಾರಿಗೆ ಅವಳು ಉಪ್ಪು ಹಾಕಿದಳು. ಆಮೇಲೆ ಇನ್ನೊಂದು ಹಿಡಿ ಹಾಕಿದಳು. ಸೌಟಿನಿಂದ ತಿರುವಿ ಮುಚ್ಚಳ ಮುಚ್ಚಿದಳು.

ಅವಳು ಒಂದು ತಪ್ಪು ಮಾಡಿದ್ದಳು. ಊಟಕ್ಕೆ ಬಡಿಸಿದಾಗಲೇ ಅದು ನೆನಪಾದದ್ದು. ವೀರಭದ್ರಯ್ಯನವರು ಲಿಂಗಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಇಟ್ಟುಕೊಂಡು ಕೂತರೆ ಅವರ ತಟ್ಟೆಗೆ ಬಿದ್ದದ್ದು ಅಡುಗೆಯಲ್ಲ, ಪ್ರಸಾದ. ಪ್ರಸಾದಕ್ಕೆ ಹೆಸರಿಡುವ ಹಾಗಿಲ್ಲ, ಒಂದು ಅಗುಳೂ ಬಿಡುವ ಹಾಗಿಲ್ಲ. ಮಾವನಿಗೆ ಬೇರೆ ಬೀಪಿ. ಉಪ್ಪು ಕಡಿಮೆ ಇರಲಿ ಎಂದು ಡಾಕ್ಟರು ಹೇಳಿದ ದಿನದಿಂದ ಅದನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡವಳೂ ಅವಳೇ.

ಮೊದಲ ತುತ್ತಿಗೆ ಅವರ ಹುಬ್ಬು ಮೇಲೆದ್ದಿತು, ಆಮೇಲೆ ಇಳಿಯಿತು. ಅಗಿದರು. ನುಂಗಿದರು.

"ಮಾವ, ಅದು ಬಿಡಿ, ಮೊಸರು ಹಾಕ್ತೀನಿ" ಎಂದಳು ದ್ರಾಕ್ಷಾಯಣಿ.

"ಬಿಡಾಕಾಯ್ತದಾ?" ಎಂದರು. ತಟ್ಟೆ ಬರಿದು ಮಾಡಿ, ಅದಕ್ಕೆ ನೀರು ಹಾಕಿ ಬೆರಳಿಂದ ತೊಳೆದು, ಆ ನೀರನ್ನೂ ಎಂದಿನ ಹಾಗೆ ಕುಡಿದರು. ಅವರು ಉಂಡಮೇಲೆ ಯೋಗೇಶ ಬಿಡುವ ಹಾಗಿಲ್ಲ, ಅವನ ತಮ್ಮ ಸಿದ್ದು ಬಿಡುವ ಹಾಗಿಲ್ಲ. ಎಲ್ಲರೂ ತಲೆ ತಗ್ಗಿಸಿ ಉಂಡರು. ನೀರಿನ ಚೊಂಬು ಕೈಯಿಂದ ಕೈಗೆ ತಿರುಗಿತು. ಮಾವ ಮಧ್ಯಾಹ್ನವೆಲ್ಲ ಜಗಲಿಯ ಮೇಲೆ ಮಲಗಿದ್ದರು. ತಲೆ ಒಂಥರಾ ಐತೆ ಅಂದರು. ಸಂಜೆ ಎದ್ದು ಕೂತು ಬೆಲ್ಲದ ಕಾಫಿ ಕೇಳುವವರೆಗೆ ದ್ರಾಕ್ಷಾಯಣಿ ಹೊಸ್ತಿಲ ಹತ್ತಿರದಿಂದ ಕದಲಲಿಲ್ಲ.

ಆದರೂ ಯಾರೂ ಬೈಯಲಿಲ್ಲ. ಆಶಾ ಸೀಯಿಸಿದರೆ ಅದು ಆಶಾಳ ತಪ್ಪು, ದ್ರಾಕ್ಷಾಯಣಿ ಕೆಡಿಸಿದರೆ ಅದು ಕಾಯಿಲೆ.

"ಎರಡ್ ಸಲ ಉಪ್ಪು ಹಾಕವ್ಳೆ ಅಂದ್ರೆ ಇವಳಿಗೆ ಏನೋ ಆಗೈತೆ" ಎಂದು ಅತ್ತೆ ಹಣೆ ಮುಟ್ಟಿ ನೋಡಿದರು. "ನಾಳೆ ಒಂದಿನ ಕಣದಾಗೆ ಬಿಸಿಲಿಗೆ ಕೂತ್ಕೊಳವ್ವ. ಆಶಾ ಏನೋ ಒಂದು ಬೇಯಿಸ್ಲಿ. ಒಂದೊತ್ತು ತಿಂದ್ರೆ ಸಾಯಲ್ಲ."

ಹೀಗೆ ಅವಳಿಗೆ ಕಟ್ಟೆ ಸಿಕ್ಕಿತು.

ಬೆಳಿಗ್ಗೆ ನೀಲಿ ಸೀರೆ ಉಟ್ಟಳು. ಕಣದಲ್ಲಿ ಸಾಲು ಎಳೆದು ಬಂದು ಆಶಾ ಕೂರುವ ಜಾಗದಲ್ಲಿ ಕೂತಳು. ಮಾತುಗಳನ್ನು ಮತ್ತೆ ಜೋಡಿಸಿಕೊಂಡಳು. ಕಾಲುದಾರಿಯಲ್ಲಿ ಕ್ಯಾನ್ವಾಸ್ ಶೂ ಕಾಣಿಸಿದಾಗ ಎದ್ದು ನಿಂತೇಬಿಟ್ಟಳು.

"ಅಮ್ಮಾ, ಇವತ್ತು ನಾನು ಒಳಗಿದೀನಿ, ಇಲ್ಲೇ ಬನ್ನಿ" ಎಂದು ಕಿಟಕಿಯಿಂದ ಆಶಾ ಕರೆದಳು.

ಗಂಗಾಮಣಿಯವರು ದ್ರಾಕ್ಷಾಯಣಿಯ ಕಡೆ ನೋಡಿ ತಲೆಯಾಡಿಸಿ, ಹಿತ್ತಲ ಬಾಗಿಲಿನಿಂದ ಅಡುಗೆಮನೆಗೆ ಹೋದರು. ಸ್ವಲ್ಪ ಹೊತ್ತಿನಲ್ಲಿ ಅದೇ ಕಿಟಕಿಯಿಂದ ಅದೇ ನಗು, ಈಗ ಒಳಗಿನಿಂದ ಹೊರಗೆ ಬಂತು. ದ್ರಾಕ್ಷಾಯಣಿ ಕಟ್ಟೆಯ ಮೇಲೆ ಕೂತಳು. ಮಾವನಿಗೆ ಉಪ್ಪು ತಿನ್ನಿಸಿ ಗಳಿಸಿದ್ದು ಇಷ್ಟು: ಕಿಟಕಿಯ ಆಚೆ ಬದಿ.

ಆಮೇಲೆ ಒಗ್ಗರಣೆಯ ವಾಸನೆ ಬಂತು.

ಬೆಳ್ಳುಳ್ಳಿ ಕೆಂಪಗಾಗುವ ಹೊತ್ತಿಗೆ ಸರಿಯಾಗಿ ಮೆಣಸಿನಕಾಯಿ ಬಿದ್ದಿತ್ತು. ಅದು ಸೀಯುವ ಮೊದಲೇ ಕರಿಬೇವು ಬಿದ್ದಿತ್ತು. ಇದು ಇವತ್ತು ಕಲಿತ ಕೈಯಲ್ಲ. ಆಶಾಗೆ ಅಡುಗೆ ಬರುತ್ತದೆ. ಯಾವಾಗಲೂ ಬರುತ್ತಿತ್ತು. 'ಅಯ್ಯೋ ಪಾಪ' ಎಂದು ತಾನು ಮರುಗಿದ ಒಂದೊಂದು ಸಲವೂ ದ್ರಾಕ್ಷಾಯಣಿಗೆ ಸಾಲಾಗಿ ನೆನಪಾಯಿತು. ಕಾಫಿ ಮಗುಚುವುದು ಮರೆತೇಹೋಯಿತು.

ಗಂಗಾಮಣಿಯವರು ಹೊರಗೆ ಬಂದು ಅವಳ ಪಕ್ಕದಲ್ಲಿ ಕೂತಾಗ ಅವಳಿಗೆ ಜೋಡಿಸಿಕೊಂಡ ಮಾತು ಒಂದೂ ನೆನಪಿರಲಿಲ್ಲ.

"ಹುಷಾರಾಗಿದ್ದೀರಾ ದ್ರಾಕ್ಷಾಯಣಿ? ಆಶಾ ಹೇಳಿದರು. ನಿಜ ಹೇಳಬೇಕು ಅಂದರೆ, ಮೊದಲನೇ ದಿನ ನಾನು ಗುಡ್ಡ ಇಳಿದಿದ್ದೇ ನಿಮ್ಮ ಒಗ್ಗರಣೆ ವಾಸನೆ ಹಿಡಿದುಕೊಂಡು. ಒಳಗೆ ಕರೀತೀರೇನೋ ಅಂತ ದಿನಾ ಕಾಯ್ತಿದ್ದೆ."

ಬೇರೆಯವರಾದರೆ ಈ ಮಾತಿಗೆ ಹಿಗ್ಗುತ್ತಿದ್ದರು. ದ್ರಾಕ್ಷಾಯಣಿಗೆ ಕೇಳಿಸಿದ್ದು ಇಷ್ಟೇ: ಇವರಿಗೂ ಬೇಕಾಗಿದ್ದು ಅದೇ.

"ಅಡುಗೆ ವಿಷಯ ಬಿಡಿ" ಎಂದಳು. ದನಿ ಒರಟಾಗಿತ್ತು. "ನೀವು ನನ್ನ ಕಿವೀಲಿ ಎಷ್ಟು ವರ್ಷದಿಂದ ಇದ್ದೀರಿ ಗೊತ್ತಾ ನಿಮಗೆ? ನಿಮ್ಮ ಕನ್ನಡಕದ ಹೆಂಗಸು, ರಾಗಿ ಬೀಸೋಳು, ಬಸ್‌ಸ್ಟ್ಯಾಂಡಲ್ಲಿ ಚಪ್ಪಲಿ ಬಿಟ್ಟು ಹೋಗೋಳು, ಎಲ್ರೂ ನಂಗೆ ಗೊತ್ತು. ನೀವು ಇಲ್ಲಿಗೆ ಬಂದ್ರಿ. ಬಂದು ಆಶಾನ ಪಕ್ಕ ಕೂತ್ರಿ. ಅವಳು ನಿಮ್ಮದೊಂದು ಅಕ್ಷರ ಓದಿಲ್ಲ. ನಂಗೆ ಹೊಟ್ಟೆ ಉರಿದೋಯ್ತು. ಇಲ್ಲಿ ಬಂದು ಕೂರೋಕೆ ಅಂತ ನಿನ್ನೆ ಸಾರಿಗೆ ಉಪ್ಪು ಸುರಿದೆ. ನಮ್ಮ ಮಾವ ಪ್ರಸಾದ ಅಂತ ಅಷ್ಟನ್ನೂ ತಿಂದ್ರು."

ಗಂಗಾಮಣಿಯವರು ಅವಳನ್ನೇ ನೋಡಿದರು. "ಬೇಕಂತಲೇ ಹಾಕಿದ್ರಾ?"

"ಹೂಂ."

"ನನ್ನ ಸಲುವಾಗಿ ಇಲ್ಲಿಯವರೆಗೆ ಯಾರೂ ಒಂದು ಸಾರೂ ಕೆಡಿಸಿರಲಿಲ್ಲ" ಎಂದರು. ನಗುವುದೋ ಬೇಡವೋ ತಿಳಿಯದವರ ಹಾಗೆ ಶೂವಿನ ತುದಿ ನೋಡಿಕೊಂಡರು.

"ಇನ್ನೊಂದು ಕೇಳ್ತೀನಿ. ಆ ಚಪ್ಪಲಿ ಬಿಟ್ಟು ಹೋಗ್ತಾಳಲ್ಲ, ಮೂರು ಮಕ್ಕಳ ತಾಯಿ. ಅವತ್ತು ರಾತ್ರಿ ಆ ಮನೇಲಿ ಅನ್ನ ಮಾಡಿದ್ದು ಯಾರು? ನಾನು ಆ ಕತೆನ ಎಷ್ಟು ಸಲ ಕೇಳಿದೀನಿ. ನೀವು ಹೇಳೋದೇ ಇಲ್ಲ."

ಅವರು ಕಣದಿಂದ ಒಂದು ಕಾಫಿ ಹಣ್ಣು ಎತ್ತಿ ಬೆರಳಲ್ಲಿ ಹೊರಳಿಸಿದರು. "ಆ ಮನೆಯದು ಗೊತ್ತಿಲ್ಲ. ನಾನು ಅದನ್ನ ಬರೆದ ದಿನ ನಮ್ಮನೇಲಿ ಅಡುಗೆ ಮಾಡಿದ್ದು ನಮ್ಮ ಅಕ್ಕ. ಎಲ್ಲಾ ದಿನವೂ ಅವಳೇ. ಬಾಗಿಲು ತಟ್ಟಿದರೆ ರೇಗ್ತಿದ್ದೆ, ತಟ್ಟೆ ಹೊರಗಿಟ್ಟು ಹೋಗ್ತಿದ್ದಳು. ಹೋದ ಯುಗಾದಿಗೆ ತೀರಿಕೊಂಡಳು. ಈಗ ನನಗೆ ಒಂದು ತಿಳಿಸಾರು ಮಾಡೋಕೆ ಬರಲ್ಲ."

ದ್ರಾಕ್ಷಾಯಣಿಗೆ ಕರುಣೆ ಬರಬೇಕಿತ್ತು. ಬಂದದ್ದು ಇನ್ನೊಂದು ಹೊಟ್ಟೆಕಿಚ್ಚು. "ನಿಮಗೂ ಒಬ್ಬಳು ಅಕ್ಕ ಇದ್ಲು. ಆಶಾಗೂ ಅಕ್ಕ ಇದಾಳೆ. ನಾನೇ ಅಕ್ಕ ಕಣ್ರೀ ಇಲ್ಲಿ. ನಂಗ್ಯಾರು?"

ಅವರು ಎದ್ದು, ಶೂ ಬಿಚ್ಚಿಟ್ಟು, ಆಶಾ ಮಾಡುವುದನ್ನು ನೋಡಿದ್ದಂತೆ ಬರಿಗಾಲಲ್ಲಿ ಕಣದೊಳಗೆ ಸಾಲು ಎಳೆಯತೊಡಗಿದರು. ಸಾಲು ಸೊಟ್ಟಗಾಯಿತು. "ಮಗುಚೋದು ಮರೆತಿದ್ದೀರಿ" ಎಂದರು. "ನಾಳೆ ಮಧ್ಯಾಹ್ನದ ಮೇಲೆ ಗುಡ್ಡಕ್ಕೆ ಬನ್ನಿ. ಕೋಣೇಲಿ ಒಂದು ಸ್ಟವ್ ಇದೆ. ಕಾಫಿ ನಾನೇ ಮಾಡ್ತೀನಿ."

"ನಾನು ಒಂದು ಡಬ್ಬೀಲಿ ಕಡುಬು—" ಎಂದು ಬಾಯಿ ತಾನಾಗಿಯೇ ಶುರುಮಾಡಿತು. ದ್ರಾಕ್ಷಾಯಣಿ ಅದನ್ನು ನಡುವೆಯೇ ತಡೆದಳು. "ಇಲ್ಲ. ನಾನೇನೂ ತರಲ್ಲ. ನಿಮಗೆ ನಾನು ಯಾವತ್ತೂ ಅಡುಗೆ ಮಾಡಿ ಹಾಕಲ್ಲ. ಒಪ್ಪಿಗೆ ಇದ್ರೆ ಬರ್ತೀನಿ."

"ಒಪ್ಪಿಗೆ" ಎಂದರು ಗಂಗಾಮಣಿಯವರು. ಆದರೆ ಕಿಟಕಿಯ ಕಡೆ ಒಮ್ಮೆ ಆಸೆಯಿಂದ ನೋಡಿದ್ದು ದ್ರಾಕ್ಷಾಯಣಿಗೆ ಕಾಣದಿರಲಿಲ್ಲ.

ಮಧ್ಯಾಹ್ನ ಆಶಾಳ ಸಾರನ್ನು ವೀರಭದ್ರಯ್ಯನವರು ಮತ್ತೆ ಹಾಕಿಸಿಕೊಂಡರು. ಮತ್ತೆ ಹಾಕಿಸಿಕೊಳ್ಳುವುದನ್ನು ಯಾವ ಪ್ರಸಾದದ ಕಟ್ಟಳೆಯೂ ಹೇಳುವುದಿಲ್ಲ.

"ಇಷ್ಟ್ ದಿನ ಎಲ್ಲಿ ಬಚ್ಚಿಟ್ಟಿದ್ದೆಯೇ ಈ ಕೈಯ?" ಎಂದರು ನಾಗರತ್ನಮ್ಮ.

ಆಶಾ ದ್ರಾಕ್ಷಾಯಣಿಯ ಮುಖ ನೋಡಿದಳು. ಅಕ್ಕನಿಗೆ ಗೊತ್ತಾಗಿಹೋಗಿದೆ ಎಂದು ತಿಳಿಯಿತು. ಅಡುಗೆಮನೆಗೆ ಬಂದು ಮೆಲ್ಲಗೆ, "ಬಂದ ದಿನಾನೇ ಅತ್ತೆ ಅಂದ್ಬುಟ್ರಲ್ಲಕ್ಕ, ದ್ರಾಕ್ಷನ ಕೈ ನಿಂಗೆ ಬರಲ್ಲ ಅಂತ. ಸರಿ, ಬರದೇ ಇದ್ರೆ ಒಳ್ಳೇದೇ ಅಂದ್ಕಂಡೆ" ಎಂದಳು.

"ನಂಗೆ ಹೇಳಬಹುದಿತ್ತು."

"ಹೇಳಿದ್ರೆ ನೀನು ಬಿಡ್ತಿದ್ಯಾ? ನೀನೂ ಅಂಗೇ ಅಂತಿದ್ದೆ, ಪಾಪ ಆಶಾಗೆ ಬರಲ್ಲ ಅಂತ. ಅನ್ನುವಾಗ ನಿನ್ನ ಮುಖ ನೋಡ್ಕಬೇಕಿತ್ತು."

ಅದು ಸರಿಯಾದ ಜಾಗಕ್ಕೆ ತಾಗಿತು. ದ್ರಾಕ್ಷಾಯಣಿ ಒದ್ದೆ ಕೈಯಲ್ಲೇ ಜಗಲಿಗೆ ಬಂದು, ಇನ್ನುಮುಂದೆ ಅಡುಗೆ ಒಂದು ವಾರ ತನ್ನದು, ಒಂದು ವಾರ ಆಶಾಳದ್ದು ಎಂದಳು.

ಯೋಗೇಶ ಅಡಿಕೆ ಅಗಿಯುವುದನ್ನು ನಿಲ್ಲಿಸಿದ. "ಆ ವಾರ ನೀನೇನ್ ಮಾಡ್ತೀಯ?"

"ಕಣ ಕಾಯ್ತೀನಿ. ಮಧ್ಯಾಹ್ನದ ಮೇಲೆ ಗುಡ್ಡಕ್ಕೆ ಹೋಗ್ತೀನಿ."

"ಗುಡ್ಡದಾಗೆ ಏನೈತೆ?"

"ನನ್ನ ಸ್ನೇಹಿತರು ಅವ್ರೆ."

ಸರದಿಯಲ್ಲಿ ಗಂಡಸರ ಹೆಸರು ಬರಲಿಲ್ಲ. ಅಷ್ಟು ದೂರ ಅವಳಿಗೂ ಆ ದಿನ ಹೊಳೆಯಲಿಲ್ಲ.

ಮರುದಿನ ನೀಲಿ ಸೀರೆಯಲ್ಲೇ ಹೊರಟಾಗ ಆಶಾ ಕಿಟಕಿಯಿಂದ ಇಣುಕಿದಳು. "ನಾನೂ ಬರ್ಲಾ ಅಕ್ಕ?"

"ಬೇಡ. ಒಲೆ ಮ್ಯಾಲೆ ಏನಿಟ್ಟಿದೀಯ ನೋಡು, ಉಕ್ತಾ ಐತೆ." ಏನೂ ಉಕ್ಕುತ್ತಿರಲಿಲ್ಲ. ಆದರೂ ಆಶಾ ತಿರುಗಿ ನೋಡಿದಳು. ದ್ರಾಕ್ಷಾಯಣಿಗೆ ಕಾಲುದಾರಿಯ ಅರ್ಧದವರೆಗೆ ಆ ಸುಖ ಉಳಿಯಿತು.

ಗಂಗಾಮಣಿಯವರ ಕಾಫಿಗೆ ಹೆಸರಿಡದೆ ಇರುವ ಹಾಗಿರಲಿಲ್ಲ. ಡಿಕಾಕ್ಷನ್ ನೀರಾಗಿತ್ತು, ಹಾಲು ತಳ ಹಿಡಿದಿತ್ತು, ಸಕ್ಕರೆ ಕರಗಿರಲಿಲ್ಲ. ಸುತ್ತ ಕಾಫಿ ತೋಟ ಇಟ್ಟುಕೊಂಡು ಇಂಥ ಕಾಫಿ. ಅವರು ಎದುರಿಗೆ ಕೂತು, ಮುಗಿಯದ ಕಾದಂಬರಿಯ ಒಂದು ಅಧ್ಯಾಯವನ್ನು ಅದೇ ಒಡಕು ದನಿಯಲ್ಲಿ ಓದತೊಡಗಿದರು. ಎರಡೂ ಕಿವಿಗೆ, ಅವಳೊಬ್ಬಳಿಗೇ. ಅಷ್ಟರಲ್ಲಿ ಕೆಳಗಿನಿಂದ ಗಾಳಿ ಬೀಸಿತು, ಅದರ ಜೊತೆ ರಾತ್ರಿಯ ಸಾರಿಗೆ ಆಶಾ ಹಾಕಿದ ಒಗ್ಗರಣೆ ಬಂತು. ಇಂಗು ಬಿದ್ದಿತ್ತು, ಹದವಾಗಿಯೇ ಬಿದ್ದಿತ್ತು. ಮಾವ ಇವತ್ತೂ ಮತ್ತೆ ಹಾಕಿಸಿಕೊಳ್ಳುತ್ತಾರೆ. 'ಆಶಾನ ಕೈ ಯಾರಿಗೂ ಬರಲ್ಲ' ಎಂದು ಅತ್ತೆ ನೆಂಟರ ಮುಂದೆ ಹೇಳುವ ದಿನ ದೂರವಿಲ್ಲ. ದ್ರಾಕ್ಷಾಯಣಿಯ ಎದೆಯಲ್ಲಿ ಏನೋ ಚುರುಕ್ ಎಂದಿತು.

ಗಂಗಾಮಣಿಯವರು ಓದು ನಿಲ್ಲಿಸಿ ಗಾಳಿಯನ್ನು ಮೂಸಿದರು. "ಆಹಾ" ಎಂದರು.

"ಓದಿ" ಎಂದಳು ದ್ರಾಕ್ಷಾಯಣಿ.

ಅವರು ಓದಿದರು. ಮೂಲೆಯಲ್ಲಿ ಸ್ಟವ್ವಿನ ಮೇಲೆ ಹಾಲಿನ ಪಾತ್ರೆ ಸೀದು ಕೂತಿತ್ತು. ಒಂದಿಷ್ಟು ಬಿಸಿನೀರು ಹಾಕಿ ನೆನೆಯಲು ಬಿಟ್ಟರೆ ಬಿಟ್ಟುಕೊಳ್ಳುತ್ತದೆ, ಎರಡು ನಿಮಿಷದ ಕೆಲಸ. ಅವಳ ಬೆರಳುಗಳು ತುರಿಸತೊಡಗಿದವು. ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿ, ಅವುಗಳ ಮೇಲೆ ಭಾರ ಬಿಟ್ಟು ಕೂತಳು.